ಹಳಿ ಕಾಯ್ದ ಅಜ್ಜ

ನಮ್ಮ ನಾಡಿಗೆ ಉಗಿಬಂಡಿಯನ್ನು ತಂದವರು ಯಾರೆಂದು ಕೇಳಿದರೆ ಕಂಪನಿಯ ಹೆಸರನ್ನು ಹೇಳಬಲ್ಲವರು ಸಿಕ್ಕುತ್ತಾರೆ. ಆದರೆ ಅದರ ಹಳಿಯನ್ನು ನೂರನಾಲ್ವತ್ತು ವರ್ಷಗಳಿಗೂ ಮೇಲ್ಪಟ್ಟು ಬಾಗಗೊಡದೆ, ಕುಸಿಯಗೊಡದೆ ಕಾಯ್ದುಕೊಂಡು ಬಂದವರು ಯಾರೆಂದು ಕೇಳಿದರೆ ಉತ್ತರಿಸುವವರು ವಿರಳ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಅನೇಕ ಮನೆಗಳಲ್ಲಿ ಅಂಥ ಒಬ್ಬ ಹಿರಿಯನು ಬಾಳಿ ಹೋಗಿದ್ದಾನೆ. ನಮ್ಮ ಮನೆಯಲ್ಲಿಯೂ ಒಬ್ಬರಿದ್ದರು. ಅವರು ನಮ್ಮ ತಂದೆಯ ತಂದೆ. ಅವರ ವಿಷಯವನ್ನು ವಾಚಕರ ಮುಂದಿಡುವುದು ಸ್ವಕುಲಪ್ರಶಂಸೆಗಾಗಿ ಅಲ್ಲ. ಅಂಥವರೆಲ್ಲರಿಗೂ ನಾವು ಸಲ್ಲಿಸದೆ ಉಳಿಸಿಕೊಂಡ ಋಣದ ಲೆಕ್ಕವನ್ನು ತೆಗೆಯುವುದಕ್ಕಾಗಿ.

ಈ ಹಾದಿ ಹುಟ್ಟಿದ್ದೇ ಬರದ ಹೊಟ್ಟೆಯಿಂದ. 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ, ಆಗ ಕಲಾದಗಿ ಎಂಬ ಹೆಸರಿನ ನಮ್ಮ ಜಿಲ್ಹೆಯು ಮುಂಬಯಿ ಇಲಾಖೆಯಲ್ಲಿಯೇ ಅತಿಯಾಗಿ ನೊಂದವುಗಳಲ್ಲಿ ಒಂದಾಗಿತ್ತು. ಬೇರೆಡೆಯಲ್ಲಿ ಕಾಳು ಇದ್ದಿತು. ಅದನ್ನು ಇಲ್ಲಿಗೆ ಮುಟ್ಟಿಸುವ ದಾರಿ ಇರಲಿಲ್ಲ. ಚಕ್ಕಡಿ ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತಿದ್ದವು. ಕ್ಷಾಮಪೀಡಿತ ಪ್ರದೇಶಗಳಿಗೆ ರೈಲುಹಾದಿ ಅವಶ್ಯವೆಂದು 1880ರ ಕ್ಷಾಮ ಆಯೋಗವು ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪಿತವಾಗಿ, 1884ರಲ್ಲಿ ಹೋಟಗಿಯಿಂದ ಗದಗಿನ ವರೆಗೆ ಮೀಟರ್ ಗೇಜಿನ ಹಾದಿ ತೆರೆಯಿತು. ಭೀಮೆಯನ್ನು, ಡೋಣಿಯನ್ನು, ಕೃಷ್ಣೆಯನ್ನು ದಾಟಿ ಹೋಗುವ ಈ ಹಾದಿಯು ನಮ್ಮ ಪೂರ್ವಿಕರ ಪಾಲಿಗೆ ಅನ್ನದ ಹಾದಿಯೇ ಆಗಿತ್ತು.

ಅಜ್ಜನವರು ಸಿಂದಗಿ ತಾಲೂಕಿನ ಒಬ್ಬ ಮಳೆಯಾಶ್ರಿತ ರೈತನ ಮಗ. ಅವರ ಜನ್ಮದಿನ ಯಾರಿಗೂ ತಿಳಿಯದು. ಕಚೇರಿಯ ದಫ್ತರದಲ್ಲಿ ಮಾತ್ರ 1910ನೆಯ ಇಸವಿಯ ಜೂನ್ 1 ಎಂದು ಬರೆಯಲ್ಪಟ್ಟಿತ್ತು. ಮಳೆ ಕೈಕೊಟ್ಟ ಒಂದು ವರ್ಷ, ಹೆಗಲ ಮೇಲೊಂದು ಕಂಬಳಿ, ಬಗಲಲ್ಲಿ ರೊಟ್ಟಿಯ ಬುತ್ತಿ ಹಿಡಿದು, ಇಂಡಿ ರೋಡ್ ಸ್ಟೇಶನ್ನಿನ ವರೆಗೆ ನಡೆದು ಬಂದು 1930ರಲ್ಲಿ ಗ್ಯಾಂಗಿನ ಕೂಲಿಯಾಗಿ ಸೇರಿದರು. ಮುಂದೆ ಕೀಮನ್ ಆದರು, ಕೊನೆಗೆ ಗ್ಯಾಂಗಿನ ಮೇಸ್ತ್ರಿಯಾದರು.

ರೈಲಿನಲ್ಲಿ ಕುಳಿತು ಹೋಗುವವರಿಗೆ ಈ ಕೆಲಸದ ಕಷ್ಟ ಕಾಣಲಾರದು. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಆಳೆತ್ತರದ ಬಿರುಕು ಬಿಡುತ್ತದೆ. ಮಳೆ ಬಿದ್ದೊಡನೆ ಉಬ್ಬಿ ಮೆತ್ತಗಾಗುತ್ತದೆ. ಇಂಥ ನೆಲದ ಮೇಲೆ ಹಾಸಿದ ಹಳಿ ಇಂದು ಇದ್ದಂತೆ ನಾಳೆ ಇರುವುದಿಲ್ಲ. ಕೀಮನ್ನನು ಬೆಳಗಾಗುವಷ್ಟರಲ್ಲಿ ಸುತ್ತಿಗೆ, ಪಾನಾ, ಬಾವುಟಗಳನ್ನು ಹಿಡಿದು ಹೊರಟು, ತನ್ನ ಗ್ಯಾಂಗಿನ ಹಾದಿಯನ್ನೆಲ್ಲ ಕಾಲ್ನಡಿಗೆಯಿಂದ ನೋಡಿ, ಸಡಿಲಾದ ಬೆಣೆಯನ್ನು ಬಡಿದು, ಬೋಲ್ಟನ್ನು ಬಿಗಿದು ಬರಬೇಕು. ಹಳಿ ತಗ್ಗಿದಲ್ಲಿ ಗ್ಯಾಂಗಿನವರು ಸ್ಲೀಪರನ್ನು ಎತ್ತಿ ಅದರಡಿ ಖಡಿಯನ್ನು ಬಡಿದು ತುಂಬಬೇಕು. ಮೇಸ್ತ್ರಿಯು ಬಾಗಿ, ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು, ದೂರದ ವರೆಗೆ ನೋಡಿ ಏರುತಗ್ಗನ್ನು ಹೇಳಬೇಕು. ಮಳೆಗಾಲದಲ್ಲಿ ರಾತ್ರಿಯ ಪಹರೆ ಬೇರೆ. ಕೈಯಲ್ಲಿ ದೀಪ, ಚೀಲದಲ್ಲಿ ಗಾಡಿಯನ್ನು ಎಚ್ಚರಿಸಲು ಹಳಿಯ ಮೇಲಿಡುವ ಪಟಾಕಿ. ಹೆಜ್ಜೆಯ ಕೆಳಗೆ ಹಾವು ಚೇಳು, ತಲೆಯ ಮೇಲೆ ಸಿಡಿಲು.

ಸೇವೆಯ ಕಾಲದಲ್ಲಿ ಅವರು ಹಲವೆಡೆ ಇದ್ದರು. ನಿಂಬಾಳದಲ್ಲಿದ್ದಾಗ, ಗುರುದೇವ ರಾನಡೆಯವರ ಆಶ್ರಮಕ್ಕೆಂದು ದೂರದೂರದಿಂದ ಬಂದಿಳಿಯುತ್ತಿದ್ದ ವಿದ್ವಜ್ಜನರಿಗೆ ಕತ್ತಲಲ್ಲಿ ದೀಪ ಹಿಡಿದು ದಾರಿ ತೋರಿಸುತ್ತಿದ್ದರಂತೆ. ಬಸವನ ಬಾಗೇವಾಡಿ ರೋಡ್ ಸ್ಟೇಶನ್ನಿನ ಬಳಿ ಬಹುಕಾಲ ಕಳೆದರು. ಬಸವಣ್ಣನವರು ಹುಟ್ಟಿದ ಆ ಸೀಮೆಯಲ್ಲಿ ಕಾಯಕವನ್ನು ಕುರಿತು ಉಪನ್ಯಾಸ ಮಾಡಿದವರು ಬಹಳ ಮಂದಿ. ಅಜ್ಜನವರು ಅದನ್ನು ಮಾತಿನಲ್ಲಿ ಹೇಳಿದವರಲ್ಲ. ಅಜ್ಜಿಯ ತವರು ಮುದ್ದೇಬಿಹಾಳದ ಕಡೆ. ಆಲಮಟ್ಟಿಯಲ್ಲಿದ್ದಾಗ ರಜೆ ಸಿಕ್ಕರೆ ಇಬ್ಬರೂ ಅಲ್ಲಿಂದ ಚಕ್ಕಡಿಯಲ್ಲಿ ಹೋಗಿಬರುತ್ತಿದ್ದರು.

ಅವರ ಬಾಳಿನಲ್ಲಿ ಎಲ್ಲಕ್ಕೂ ಮಿಗಿಲಾದ ಪ್ರಸಂಗವನ್ನು ಅವರು ಮುಪ್ಪಿನಲ್ಲಿ, ಅದೂ ಒಂದೇ ಸಲ, ಹೇಳಿದ್ದರು. 1942ರ ಚಳುವಳಿಯ ದಿನಗಳು. ಕರ್ನಾಟಕದಲ್ಲಿ ಅಲ್ಲಲ್ಲಿ ತಂತಿ ಕಡಿಯುವುದು, ಸ್ಟೇಶನ್ ಸುಡುವುದು, ಹಳಿ ಕೀಳುವುದು ನಡೆದಿದ್ದ ಕಾಲ. ಒಂದು ಮಳೆಯ ರಾತ್ರಿ ಪಹರೆಯಲ್ಲಿದ್ದ ಅಜ್ಜನವರಿಗೆ ಹಳಿಗಳ ಸಂದಿನಲ್ಲಿ ಫಿಶ್‌ಪ್ಲೇಟಿನ ಬೋಲ್ಟುಗಳು ಬಿಚ್ಚಿದ್ದು ಕಂಡಿತು. ಜೋಳದ ಹೊಲದಲ್ಲಿ ಓಡಿದ ಹುಡುಗರೂ ಕಂಡರು. ಅವರಲ್ಲಿ ಇಬ್ಬರ ಗುರುತು ಸಿಕ್ಕಿತು. ಪ್ಯಾಸೆಂಜರ್ ಗಾಡಿ ಬರುವ ಹೊತ್ತು. ಅಜ್ಜನವರು ಗಾಡಿ ಬರುವ ದಿಕ್ಕಿಗೆ ಓಡಿ, ಹಳಿಯ ಮೇಲೆ ಪಟಾಕಿ ಇಟ್ಟು, ಕೆಂಪು ದೀಪ ಹಿಡಿದು ನಿಂತರು. ಗಾಡಿ ನಿಂತಿತು, ಜನ ಉಳಿದರು. ಮರುದಿನ ವಿಚಾರಣೆಗೆ ಬಂದ ಅಧಿಕಾರಿಯು ಮೊದಲು ಬಹುಮಾನದ ಆಸೆಯನ್ನೂ, ಆಮೇಲೆ ನೌಕರಿಯ ಭಯವನ್ನೂ ತೋರಿಸಿದನು. ಅಜ್ಜನವರು ಕತ್ತಲಲ್ಲಿ ಯಾರನ್ನೂ ಕಾಣಲಿಲ್ಲವೆಂದೇ ಹೇಳಿದರು. “ಗಾಡ್ಯಾಗ ಕುಂತಾವ್ರೂ ನಮ್ಮ ಮಂದಿ, ಬೋಲ್ಟ ಬಿಚ್ಚಿದಾವ್ರೂ ನಮ್ಮ ಮಂದಿ. ಯಾರನ್ನ ಬಿಡಾಕ ಬರತಿತ್ತು, ತಮ್ಮಾ?” ಎಂದು ನಮ್ಮನ್ನು ಕೇಳಿದ್ದರು.

ಅವರು ಅಂದು ಆಡಿದ್ದು ಸುಳ್ಳೆಂದು ನೀತಿಶಾಸ್ತ್ರಜ್ಞರು ಹೇಳಬಹುದು. ಅಂದಿನ ಹುಡುಗರ ಧೈರ್ಯವನ್ನು ನಾವು ಕೊಂಡಾಡಿದ್ದೇವೆ, ಅದು ಯೋಗ್ಯವೇ. ಆದರೆ ಪರರ ಸರಕಾರದ ಸಂಬಳ ಉಣ್ಣುತ್ತಲೇ, ಪ್ರಯಾಣಿಕರ ಪ್ರಾಣವನ್ನೂ ದೇಶಭಕ್ತರ ತಲೆಯನ್ನೂ ಒಂದೇ ರಾತ್ರಿ ಕಾಯ್ದವನ ದೇಶಭಕ್ತಿಯು ಅದಕ್ಕಿಂತ ಕಡಿಮೆಯದೆಂದು ಹೇಳಲು ನಮ್ಮ ಮನಸ್ಸು ಒಪ್ಪದು. ಅದಕ್ಕೆ ತಾಮ್ರಪತ್ರವಿಲ್ಲ, ಯಾವ ಇತಿಹಾಸದಲ್ಲಿಯೂ ಒಂದು ಸಾಲಿನ ಸ್ಥಳವೂ ಇಲ್ಲ.

ಆಮೇಲೆ ಒಡೆಯರು ಬದಲಾದರು. ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ಎನಿಸಿದ್ದ ಹಾದಿಯು 1944ರಲ್ಲಿ ಸರಕಾರದ ಕೈಸೇರಿತು, 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಎನಿಸಿತು. 1956ರಲ್ಲಿ ಜಿಲ್ಹೆಯೂ ಮುಂಬಯಿಯನ್ನು ಬಿಟ್ಟು ಕನ್ನಡ ರಾಜ್ಯವನ್ನು ಸೇರಿತು. ಅಜ್ಜನವರ ಅಂಗಿಯ ಬಿಲ್ಲೆ ಬದಲಾಯಿತು, ಕೈಯ ದೀಪ ಬದಲಾಗಲಿಲ್ಲ. 1970ರಲ್ಲಿ ನಿವೃತ್ತರಾದರು. ರೈಲ್ವೆಯಲ್ಲಿ 1957ರಿಂದ ಬಂದಿದ್ದ ಪಿಂಚಣಿಯು ಅವರ ಮುಪ್ಪಿಗೆ ಆಧಾರವಾಯಿತು. ಅದರಿಂದಲೇ ನಮ್ಮ ಶಾಲೆಯ ಫೀ ಸಂದಿತು. ನಿವೃತ್ತಿಯ ತರುವಾಯವೂ ನಸುಕಿನಲ್ಲೇ ಏಳುವರು. ಗಾಡಿಯಲ್ಲಿ ಕುಳಿತರೆ ಕಿಟಕಿಯಾಚೆ ನೋಡದೆ, ಕಣ್ಣು ಮುಚ್ಚಿ ಗಾಲಿಯ ಸಪ್ಪಳವನ್ನು ಕೇಳಿ, ‘ಇಲ್ಲಿ ಖಡಿ ಸಡಲೈತಿ’ ಎನ್ನುವರು. 1991ರಲ್ಲಿ ತೀರಿಕೊಂಡರು.

ಇಂದು ಮೀಟರ್ ಗೇಜು ಹೋಗಿ ಅಗಲ ಹಳಿ ಬಂದಿದೆ. 2003ರಿಂದ ಹುಬ್ಬಳ್ಳಿಯೇ ನೈಋತ್ಯ ರೈಲ್ವೆಯ ಕೇಂದ್ರಸ್ಥಾನವಾಗಿದೆ. ಖಡಿ ಬಡಿಯಲು ಯಂತ್ರಗಳಿವೆ. ಗ್ಯಾಂಗ್‌ಮನ್ ಎಂಬ ಹೆಸರು ಕೂಡ ಟ್ರ್ಯಾಕ್ ಮೇಂಟೇನರ್ ಎಂದಾಗಿದೆ. ಆದರೂ ಹಳಿಯುದ್ದಕ್ಕೂ ನಡೆದು ನೋಡುವ ಮನುಷ್ಯನು ಬೇಕೇ ಬೇಕಾಗಿದ್ದಾನೆ. ಕೆಲಸದಲ್ಲಿದ್ದಾಗಲೇ ಗಾಡಿಗೆ ಸಿಕ್ಕಿ ಸಾಯುವವರ ಸುದ್ದಿ ಇನ್ನೂ ನಿಂತಿಲ್ಲ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ರೈಲು ಬೇಕೆಂದು ಅರ್ಜಿ ಬರೆಯುವ ಮಹನೀಯರು, ಹಳಿಯೊಡನೆ ಅದನ್ನು ಕಾಯುವವನ ಬಾಳನ್ನೂ ನೆನೆಯುವುದು ಯುಕ್ತ.

ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಹಳೆಯ ಇಂಜಿನುಗಳನ್ನು ಕಾಪಾಡಿಟ್ಟಿದ್ದಾರೆ, ಸಂತೋಷ. ಹಳಿ ಕಾಯ್ದ ಮನುಷ್ಯರ ನೆನಪನ್ನು ಕಾಪಾಡುವುದು ಮಾತ್ರ ನಮ್ಮ ನಿಮ್ಮ ಮನೆಗಳ ಕೆಲಸ. ವಾಚಕರಲ್ಲಿ ನಮ್ಮದೊಂದೇ ವಿಜ್ಞಾಪನೆ: ನಿಮ್ಮ ಮನೆಯಲ್ಲಿ ಅಂಥ ಹಿರಿಯರು ಇನ್ನೂ ಬದುಕಿದ್ದರೆ, ಇಂದೇ ಅವರ ಬಳಿ ಕುಳಿತು ಯಾವ ಗ್ಯಾಂಗು, ಯಾವ ಸೇತುವೆ, ಯಾವ ಮಳೆಯ ರಾತ್ರಿ ಎಂಬುದನ್ನು ಕೇಳಿ ಬರೆದಿಡಿರಿ. ತೀರಿಕೊಂಡಿದ್ದರೆ ಅವರ ಟ್ರಂಕಿನಲ್ಲಿಯ ಸೇವಾಪತ್ರಗಳನ್ನು ರದ್ದಿಗೆ ಹಾಕಬೇಡಿರಿ. ನಮ್ಮ ಅಜ್ಜನವರು ಇನ್ನೊಂದು ಮಾತನ್ನೂ ಹೇಳಬೇಕೆಂದಿದ್ದರೋ ಏನೋ, ಆಗ ನಾವು ಕೇಳಲಿಲ್ಲ, ಈಗ ಕೇಳುವಂತಿಲ್ಲ.