ಅಜ್ಜನ ಫಿಯಾಟ್: ನೀರಿಗಿಂತ ಕಾಗದದ್ದೇ ಚಿಂತೆ

ಕುರುಂದವಾಡ: ಕೃಷ್ಣಾ-ಪಂಚಗಂಗಾ ಸಂಗಮದ ಮಗ್ಗುಲಲ್ಲಿರುವ ಈ ಹಳೆಯ ಸಂಸ್ಥಾನದ ಊರಿನಲ್ಲಿ ಕಾರು ಇಟ್ಟವರು ಮಳೆಗಾಲಕ್ಕೆ ಮೊದಲು ಹುಡುಕಬೇಕಾದದ್ದು ಎತ್ತರದ ಜಾಗ. 2005, 2019, 2021ರ ಮಹಾಪೂರ ಕಂಡ ಮಂದಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಅಜ್ಜನ ಕಾಲದ ಪ್ರೀಮಿಯರ್ ಪದ್ಮಿನಿಯನ್ನು (ಜನರ ಬಾಯಲ್ಲಿ ಅದು ಇಂದಿಗೂ ಫಿಯಾಟೇ) ಉಳಿಸಿಕೊಳ್ಳುವ ಮನೆಗಳಿಗೆ ನೀರಿಗಿಂತ ಕಾಗದಪತ್ರದ್ದೇ ದೊಡ್ಡ ತಲೆಬಿಸಿ.

ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಗಾಡಿಗೆ ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. 2000ದ ಸುಮಾರಿಗೆ ತಯಾರಿಕೆಯೇ ನಿಂತಿತು. ಮುಂಬೈಯ ಪದ್ಮಿನಿ ಟ್ಯಾಕ್ಸಿಗಳೂ 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ಮನೆ ಬಳಕೆಯ ಗಾಡಿಗೆ ಇಲ್ಲಿ ಆ ಮಿತಿಯಿಲ್ಲ.

1089 ಸಿಸಿಯ ಎಂಜಿನ್, ಒಂದು ಕಾರ್ಬೊರೇಟರ್, ಪಾಯಿಂಟ್ ಸೆಟ್. ಕಂಪ್ಯೂಟರ್ ಮಾತೇ ಇಲ್ಲ. ಹಾಗಾಗಿ ಹೊಳಿ ನೀರು ಹೊಕ್ಕರೂ ಗಾಡಿ ಬದುಕುತ್ತದೆ, ಅವಸರದಿಂದ ಚಾವಿ ತಿರುಗಿಸದಿದ್ದರೆ! ಸಿಲಿಂಡರಿನಲ್ಲಿ ನೀರು ನಿಂತಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡೇ ಬಾಗಬಹುದು. ಮೊದಲು ಬ್ಯಾಟರಿ ತೆಗೆದು, ಪ್ಲಗ್ ಬಿಚ್ಚಿ, ಎಂಜಿನ್ ಕೈಯಿಂದ ತಿರುಗಿಸಿ ನೀರು ಹೊರಹಾಕಬೇಕು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಮೂರರ ಆಯಿಲೂ ಬದಲು. ಆಯಿಲು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಬ್ರೇಕ್ ಡ್ರಮ್ಮಿನೊಳಗಿನ ರಾಡಿ ತೆಗೆಯದೆ ರಸ್ತೆಗಿಳಿಸುವುದು ಮಾತ್ರ ಅಪಾಯ.

ಇನ್ನೊಂದು ಬಾಧೆ ಎಥೆನಾಲ್. ಶೇ. 20 ಬೆರೆತ ಪೆಟ್ರೋಲಿನಿಂದ ಹಳೆ ಗಾಡಿಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ ಬೇಗ ಕೆಡಬಹುದು. ಕಬ್ಬಿನ ಸೀಮೆಯವರಿಗೇ ಕಬ್ಬಿನ ಪೆಟ್ಟು!

ಇಷ್ಟೆಲ್ಲ ಮಿಸ್ತ್ರಿ ಕೈಯಲ್ಲಿದೆ. ಆರ್‌ಸಿ ಮಾತ್ರ ಅಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. 600 ರೂ. ಇದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ 10,000 ರೂ.ಗೆ ಏರಿತು. 50 ವರ್ಷ ತುಂಬಿದ ಗಾಡಿಗೆ 'ವಿಂಟೇಜ್' ನೋಂದಣಿ ಉಂಟು, ಆದರೆ ಅದನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ನರಸೋಬಾವಾಡಿಗೆ, ಬೀಗರ ಮದುವೆಗೆ ಹೋಗಬೇಕೆನ್ನುವವರು ಆ ಗೊಡವೆಗೆ ಹೋಗದಿರುವುದೇ ಲೇಸು.

ಎಲ್ಲಕ್ಕಿಂತ ಬಿಗಿಯಾದ ಗಂಟು, ಆರ್‌ಸಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಉಳಿದಿರುವುದು. ಮಾಲೀಕ ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, 3 ತಿಂಗಳೊಳಗೆ ನಮೂನೆ 31ರಲ್ಲಿ ವಾರಸುದಾರರು ಅರ್ಜಿ ಹಾಕಬೇಕೆಂಬುದು ನಿಯಮ. ಅಣ್ಣತಮ್ಮಂದಿರು ಒಗ್ಗಟ್ಟಾಗಿದ್ದಾಗಲೇ ಸಹಿ ಮಾಡಿಸಿಕೊಳ್ಳುವುದು ಜಾಣತನ. ಗಾಡಿಯನ್ನು ಗಡಿಯಾಚೆ ಚಿಕ್ಕೋಡಿ, ನಿಪ್ಪಾಣಿಯ ಮೊಮ್ಮಗನ ಮನೆಯಲ್ಲಿ 12 ತಿಂಗಳಿಗಿಂತ ಹೆಚ್ಚು ಇಡುವುದಾದರೆ ಕರ್ನಾಟಕದಲ್ಲಿ ಮರುನೋಂದಣಿ ಆಗಬೇಕು. ಅದಕ್ಕೆ ಈ ಕಡೆಯ ಆರ್‌ಟಿಒದ ಎನ್‌ಒಸಿ ಬೇಕು, ಎನ್‌ಒಸಿಗೆ ಮೊದಲು ಅಜ್ಜನ ಹೆಸರು ಬದಲಾಗಿರಬೇಕು.