ಮನೆಯ ಬರಹಗಳಿಗೊಂದು ಜಾಲತಾಣ

ಪಾಠಶಾಲೆಯ ಕೆಲಸದಿಂದ 2021ರಲ್ಲಿ ನಿವೃತ್ತರಾದ ಬಳಿಕ ನಾವು ಕೈಕೊಂಡ ಮೊದಲ ಕಾರ್ಯವು, ನಮ್ಮ ಅಕ್ಕನವರಿಗೆ ಬಾಯಿಪಾಠವಾಗಿದ್ದ ಮದುವೆಯ ಹಾಡುಗಳನ್ನು ಬರೆದಿಡುವುದಾಗಿತ್ತು. ಅವು ಯಾವ ಪುಸ್ತಕದಲ್ಲಿಯೂ ಇಲ್ಲದವು. ಅಜ್ಜಿಯಿಂದ ತಾಯಿಗೂ ತಾಯಿಯಿಂದ ಅಕ್ಕನಿಗೂ ಬಂದವು. ದೂರದ ಊರುಗಳಲ್ಲಿರುವ ಮನೆಯ ಹೆಣ್ಣುಮಕ್ಕಳು ಓದಿ ಕಲಿಯಲೆಂದು ಅವನ್ನು ಒಂದು ಜಾಲತಾಣದಲ್ಲಿಡುವುದೆಂದು ನಿಶ್ಚಯವಾಯಿತು. ಅಕ್ಕನ ಮಗನು, “ಮಾವ, ನಿಮಗೇಕೆ ಈ ತೊಂದರೆ? ಒಂದು ಗುಂಡಿ ಒತ್ತಿದರೆ ಮುಗಿಯಿತು” ಎಂದು ಹೇಳಿ, ತನ್ನ ಹೆಸರಿನಲ್ಲಿಯೇ ಸ್ಥಳವನ್ನು ಬಾಡಿಗೆಗೆ ಹಿಡಿದು, ವರ್ಡ್‌ಪ್ರೆಸ್ ಎಂಬ ತಂತ್ರಾಂಶವನ್ನು ಅದರಲ್ಲಿ ನೆಲೆಗೊಳಿಸಿಕೊಟ್ಟನು.

ಅಕ್ಕನವರು 2022ರ ಕೊನೆಯಲ್ಲಿ ತೀರಿಕೊಂಡರು. ಮರುವರ್ಷ ಸೋದರಳಿಯನು ಬೇರೊಂದು ಉದ್ಯೋಗಕ್ಕೆ ಸೇರಿದನು. ವರ್ಷದ ಬಾಡಿಗೆಯನ್ನು ತೆರಬೇಕೆಂಬ ಜ್ಞಾಪನಪತ್ರಗಳೆಲ್ಲ ಅವನ ಹಳೆಯ ಕಚೇರಿಯ ಈಮೇಲ್ ವಿಳಾಸಕ್ಕೆ ಹೋಗುತ್ತಿದ್ದುವು. ಅಲ್ಲಿ ಅವನ್ನು ತೆರೆದು ನೋಡುವವರಾರೂ ಇರಲಿಲ್ಲ. ಅವಧಿ ತೀರಿತು, ಖಾತೆಯೂ ಅದರೊಳಗಿದ್ದುದೂ ಅಳಿಸಿಹೋಯಿತು. ಆಗಲೂ ನಾವು ಧೈರ್ಯಗೆಡಲಿಲ್ಲ. ಏಕೆಂದರೆ ತಾಣದ ಕಡತಗಳನ್ನೆಲ್ಲ ಪೆನ್‌ಡ್ರೈವಿನಲ್ಲಿ ಪ್ರತಿ ಮಾಡಿ ಪೆಟ್ಟಿಗೆಯಲ್ಲಿಟ್ಟಿದ್ದೆವು. ತೆರೆದು ನೋಡಲಾಗಿ, ಸಾವಿರಾರು ಕಡತಗಳಿದ್ದುವು. ಅಕ್ಕನವರ ಭಾವಚಿತ್ರವೂ ಇತ್ತು. ಹಾಡಿನ ಒಂದಕ್ಷರವೂ ಇರಲಿಲ್ಲ. ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದ 40 ಹಾಡುಗಳು ಉಳಿದುವು. ಕೊನೆಯ ತಿಂಗಳುಗಳಲ್ಲಿ ಅವರು ಹೇಳಿದಂತೆ ನಾವು ನೇರವಾಗಿ ತಾಣಕ್ಕೇ ಟೈಪು ಮಾಡಿದ್ದ 17 ಹಾಡುಗಳು ಹೋದುವು.

ಇದು ಹೇಗಾಯಿತೆಂಬುದನ್ನು ವಾಚಕರು ತಿಳಿಯಬೇಕು. ಇಂಥ ತಾಣಕ್ಕೆ ಎರಡು ಅಂಗಗಳುಂಟು. ಒಂದು, ಪಿ.ಎಚ್.ಪಿ. ಎಂಬ ಭಾಷೆಯಲ್ಲಿ ರಚಿತವಾದ ಕಡತಗಳ ಸಮೂಹ. ಇನ್ನೊಂದು, ಮೈಎಸ್‌ಕ್ಯುಎಲ್ ಅಥವಾ ಮರಿಯಾಡಿಬಿ ಎಂಬ ಡೇಟಾಬೇಸ್. ಕಡತಗಳು ಅಡುಗೆಮನೆಯ ಒಲೆ ಪಾತ್ರೆಗಳಂತೆ; ಡೇಟಾಬೇಸು ಧಾನ್ಯದ ಕಣಜದಂತೆ. ಓದುವವರು ಪುಟವನ್ನು ಕೇಳಿದಾಗ ಕಡತಗಳು ಕಣಜದಿಂದ ಬರಹವನ್ನು ತೆಗೆದು ಪುಟವನ್ನು ಸಿದ್ಧಪಡಿಸಿ ಬಡಿಸುತ್ತವೆ. ನಾವು ಪಾತ್ರೆಗಳನ್ನು ಜೋಪಾನ ಮಾಡಿ ಕಣಜವನ್ನು ಮರೆತಿದ್ದೆವು. ಗುಂಡಿಯೊತ್ತಿ ಮುಗಿಸುವ ವಿಧಾನದಲ್ಲಿ ದೋಷವೇನೂ ಇಲ್ಲ. ಆದರೆ ಕಣಜವೊಂದು ಇದೆಯೆಂಬುದೇ ಅದರಿಂದ ನಮಗೆ ತಿಳಿದಿರಲಿಲ್ಲ. ಆದುದರಿಂದ ಎರಡನೆಯ ಸಲ ಎಲ್ಲವನ್ನೂ ನಮ್ಮ ಕೈಯಿಂದಲೇ ಮಾಡುವುದೆಂದು ಸಂಕಲ್ಪಿಸಿದೆವು.

ಮ್ಯಾಟ್ ಮುಲ್ಲೆನ್‌ವೆಗ್, ಮೈಕ್ ಲಿಟಲ್ ಎಂಬಿಬ್ಬರು ಬಿ2 ಎಂಬ ಹಿಂದಿನ ತಂತ್ರಾಂಶವೊಂದನ್ನು ಆಧಾರವಾಗಿಟ್ಟುಕೊಂಡು ವರ್ಡ್‌ಪ್ರೆಸ್ಸನ್ನು ರಚಿಸಿ 2003ನೆಯ ಮೇ 27ರಂದು ಲೋಕಕ್ಕೆ ಕೊಟ್ಟರು. ಇದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಬಳಸಬಹುದು, ತಿದ್ದಲೂಬಹುದು. ಹಣ ಬೇಕಾಗುವುದು ಬಾಡಿಗೆಯ ಸ್ಥಳಕ್ಕೂ ತಾಣದ ಹೆಸರಿಗೂ ಮಾತ್ರ. ಇವೆರಡನ್ನೂ ಗೃಹಸ್ಥನು ತನ್ನ ಹೆಸರಿನಲ್ಲಿ, ತಾನು ದಿನವೂ ನೋಡುವ ಈಮೇಲ್ ವಿಳಾಸವನ್ನು ಕೊಟ್ಟು ಪಡೆಯಬೇಕು. ಮನೆಯ ಇನ್ನೊಬ್ಬರಿಗೂ ಅದರ ವಿವರ ತಿಳಿದಿರಬೇಕು.

ಮೊದಲ ಕೆಲಸವು ಕಣಜವನ್ನು ಕಟ್ಟುವುದು. ಬಾಡಿಗೆ ಕೊಡುವವರು ಸಾಮಾನ್ಯವಾಗಿ ಸಿಪ್ಯಾನೆಲ್ ಎಂಬ ಅಥವಾ ಅದನ್ನು ಹೋಲುವ ನಿಯಂತ್ರಣಫಲಕವನ್ನು ಒದಗಿಸುತ್ತಾರೆ. ಅದರಲ್ಲಿ ಒಂದು ಡೇಟಾಬೇಸನ್ನು ಸೃಷ್ಟಿಸಿ, ಅದಕ್ಕೊಬ್ಬ ಬಳಕೆದಾರನನ್ನು ಗುಪ್ತಪದದೊಡನೆ ನೇಮಿಸಿ, ಅವನಿಗೆ ಸಕಲಾಧಿಕಾರಗಳನ್ನು ಕೊಡಬೇಕು. ಇಲ್ಲೊಂದು ಎಚ್ಚರಿಕೆ: ನಾವು ‘ಹಾಡು’ ಎಂದು ಹೆಸರಿಟ್ಟರೆ ಫಲಕವು ಅದರ ಹಿಂದೆ ಖಾತೆಯ ಹೆಸರನ್ನೂ ಒಂದು ಅಡಿಗೆರೆಯನ್ನೂ ಸೇರಿಸುವುದುಂಟು. ಮುಂದೆ ಕೇಳಿದಾಗ ಈ ಪೂರ್ಣನಾಮವನ್ನೇ ಬರೆಯಬೇಕು. ಇದನ್ನರಿಯದೆ ನಾವು ಒಂದು ಮಧ್ಯಾಹ್ನವನ್ನೆಲ್ಲ ಕಳೆದೆವು.

ಎರಡನೆಯದಾಗಿ, ವರ್ಡ್‌ಪ್ರೆಸ್‌ನವರ ತಾಣದಿಂದ ತಂತ್ರಾಂಶದ ಗಂಟನ್ನು ಇಳಿಸಿಕೊಂಡು, ಫಲಕದ ಫೈಲ್ ಮ್ಯಾನೇಜರಿನ ಮೂಲಕ ‘ಪಬ್ಲಿಕ್ ಎಚ್‌ಟಿಎಂಎಲ್’ ಎಂಬ ಫೋಲ್ಡರಿಗೆ ಏರಿಸಿ ಬಿಚ್ಚಬೇಕು. ಕಡತಗಳು ‘ವರ್ಡ್‌ಪ್ರೆಸ್’ ಎಂಬ ಒಳಫೋಲ್ಡರಿನಲ್ಲಿ ಬಿಚ್ಚಿಕೊಳ್ಳುತ್ತವೆ. ಅವನ್ನು ಹೊರಕ್ಕೆ ಸಾಗಿಸದಿದ್ದರೆ ತಾಣದ ವಿಳಾಸದ ಕೊನೆಗೆ ಆ ಪದವೂ ಅಂಟಿಕೊಳ್ಳುವುದು.

ಮೂರನೆಯದಾಗಿ, ತಾಣದ ವಿಳಾಸವನ್ನು ಬ್ರೌಸರಿನಲ್ಲಿ ತೆರೆಯಬೇಕು. ಮೊದಲು ಭಾಷೆಯನ್ನು ಕೇಳುವುದು. ಬಳಿಕ ಐದು ಪ್ರಶ್ನೆಗಳು: ಡೇಟಾಬೇಸಿನ ಹೆಸರು, ಬಳಕೆದಾರನ ಹೆಸರು, ಗುಪ್ತಪದ, ಡೇಟಾಬೇಸು ಇರುವ ಯಂತ್ರದ ಹೆಸರು, ಪಟ್ಟಿಗಳ ಹೆಸರಿನ ಮುಂದೆ ಬರತಕ್ಕ ಅಕ್ಷರಗಳು. ಯಂತ್ರದ ಹೆಸರು ಬಹುಮಟ್ಟಿಗೆ ‘ಲೋಕಲ್‌ಹೋಸ್ಟ್’ ಎಂದೇ ಇರುವುದು. ಈ ಉತ್ತರಗಳು ‘ಡಬ್ಲ್ಯುಪಿ-ಕಾನ್ಫಿಗ್’ ಎಂಬ ಕಡತದಲ್ಲಿ ದಾಖಲಾಗುತ್ತವೆ. ಅಡುಗೆಮನೆಗೆ ಕಣಜದ ಬೀಗದಕೈ ಅದೇ. ಕೊನೆಗೆ ತಾಣದ ಶೀರ್ಷಿಕೆಯನ್ನೂ, ಒಡೆಯನ ಹೆಸರು, ಗುಪ್ತಪದ, ಈಮೇಲುಗಳನ್ನೂ ಕೊಟ್ಟರೆ ಕೆಲಸವಾಯಿತು. ಒಡೆಯನ ಹೆಸರನ್ನು ‘ಅಡ್ಮಿನ್’ ಎಂದಿಡಬಾರದು. ಕಳ್ಳರು ಮೊದಲು ಊಹಿಸುವುದು ಅದನ್ನೇ.

ಆಮೇಲೆ ಡೇಟಾಬೇಸನ್ನು ಪಿಎಚ್‌ಪಿಮೈಅಡ್ಮಿನ್ ಎಂಬ ಸಾಧನದಿಂದ ತೆರೆದು ನೋಡಿದೆವು. ಹನ್ನೆರಡು ಪಟ್ಟಿಗಳು ಉಂಟಾಗಿದ್ದುವು. ಅವುಗಳಲ್ಲಿ ‘ಪೋಸ್ಟ್ಸ್’ ಎಂಬುದರಲ್ಲಿಯೇ ನಾವು ಬರೆದುದೆಲ್ಲ ಸೇರುತ್ತದೆ. ಚಿತ್ರಗಳಾದರೋ ಕಡತಗಳ ಕಡೆಯಲ್ಲಿ, ‘ಡಬ್ಲ್ಯುಪಿ-ಕಂಟೆಂಟ್’ ಫೋಲ್ಡರಿನೊಳಗೆ, ವರ್ಷ ಮಾಸಗಳ ಕ್ರಮದಲ್ಲಿರುತ್ತವೆ. ಅಕ್ಕನವರ ಚಿತ್ರವು ಉಳಿದು ಹಾಡುಗಳು ಹೋದುದರ ಕಾರಣವು ಅಂದು ನಮಗೆ ಕಣ್ಣಾರೆ ಕಂಡಿತು.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಅದೇ ಸಾಧನದಲ್ಲಿ ‘ಎಕ್ಸ್‌ಪೋರ್ಟ್’ ಒತ್ತಿ ಡೇಟಾಬೇಸಿನ ಪ್ರತಿಯನ್ನೂ, ಜೊತೆಗೆ ಚಿತ್ರಗಳ ಫೋಲ್ಡರನ್ನೂ ಬೀಗದಕೈಯ ಕಡತವನ್ನೂ ಮನೆಗೆ ತರುತ್ತೇವೆ. ತಂದ ಪ್ರತಿಯನ್ನು ತೆರೆದು ಒಂದು ಹಾಡನ್ನಾದರೂ ಓದುತ್ತೇವೆ. ಕನ್ನಡದ ಅಕ್ಷರಗಳಿಗೆ ಬದಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಆ ಪ್ರತಿಯು ನಿರುಪಯುಕ್ತವೆಂದು ತಿಳಿಯಬೇಕು.

ಪ್ರತಿ ಮಾಡುವುದು ನಮ್ಮ ಹಿರಿಯರಿಗೆ ಹೊಸದಲ್ಲ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದ ಓಲೆಗರಿಯ ಕಟ್ಟಿನಿಂದಲೇ ಕೌಟಿಲ್ಯನ ಅರ್ಥಶಾಸ್ತ್ರವು ಶಾಮಶಾಸ್ತ್ರಿಗಳ ಕೈಸೇರಿ 1909ರಲ್ಲಿ ಅಚ್ಚಾಯಿತು. ಹೆಸರು ತಿಳಿಯದ ಲೇಖಕನೊಬ್ಬನು ಹಿಂದೆಂದೋ ಬೇಸರಿಸದೆ ಪ್ರತಿ ಮಾಡಿದ್ದರ ಫಲವಿದು.

2025ರಲ್ಲಿ ಅಕ್ಕನವರ ಮೊಮ್ಮಗಳ ಮದುವೆ ನಡೆಯಿತು. ಮನೆಯ ಹೆಣ್ಣುಮಕ್ಕಳು ಫೋನಿನಲ್ಲಿ ನಮ್ಮ ತಾಣವನ್ನು ತೆರೆದುಕೊಂಡು ಹಸೆಯ ಹಾಡುಗಳನ್ನು ಹಾಡಿದರು. ಬೀಗರ ಹಾಡಿನ ಸರದಿ ಬಂದಾಗ ವಧುವು ನಮ್ಮತ್ತ ತಿರುಗಿ, “ತಾತ, ಅಜ್ಜಿ ಹೇಳುತ್ತಿದ್ದುದು ಇದರಲ್ಲಿಲ್ಲವೆ?” ಎಂದು ಕೇಳಿದಳು. ಅದು ಹೋದ 17ರಲ್ಲಿ ಒಂದಾಗಿತ್ತು. ಮನೆಯಲ್ಲಿ ಇಂಥ ತಾಣವನ್ನಿಟ್ಟುಕೊಂಡಿರುವ ವಾಚಕರು ಖಾತೆಯು ಯಾರ ಹೆಸರಿನಲ್ಲಿದೆ, ಡೇಟಾಬೇಸಿನ ಪ್ರತಿಯು ಮನೆಯಲ್ಲಿದೆಯೆ ಎಂಬ ಎರಡು ಸಂಗತಿಗಳನ್ನು ಈ ವಾರವೇ ವಿಚಾರಿಸಿಕೊಳ್ಳಬೇಕೆಂದು ನಮ್ಮ ವಿಜ್ಞಾಪನೆ.