ನೋವಿಗೆ ಬೆರಳೊತ್ತು, ದುಗುಡಕ್ಕೆ ದೀರ್ಘಶ್ವಾಸ

ಕತ್ತಲಲ್ಲಿ ನಡೆಯುವಾಗ ಮೊಣಕಾಲು ಮಂಚದ ಅಂಚಿಗೆ ಬಡಿಯಿತೆನ್ನಿ. ಆಗ ನಾವು ಮೊದಲು ಮಾಡುವುದೇನು? ದೀಪ ಹಚ್ಚುವುದೂ ಅಲ್ಲ, ಔಷಧಿ ಹುಡುಕುವುದೂ ಅಲ್ಲ. ಕೈ ತಾನಾಗಿಯೇ ಪೆಟ್ಟು ಬಿದ್ದ ಜಾಗವನ್ನು ಅದುಮಿ ಹಿಡಿಯುತ್ತದೆ. ಜೊತೆಗೇ ಉದ್ದನೆಯ ಉಸಿರೊಂದು ಹೊರಬೀಳುತ್ತದೆ. ಇವೆರಡನ್ನೂ ನಮಗೆ ಯಾರೂ ಕಲಿಸಿಲ್ಲ. ಆದರೂ ನೋವು ಕೊಂಚ ತಗ್ಗುವುದು ಎಲ್ಲರ ಅನುಭವ. ಇದಕ್ಕೆ ಕಾರಣವೇನು?

ಈ ಅದುಮುವಿಕೆಯನ್ನೇ ಜಪಾನ್ ದೇಶದವರು ಕ್ರಮಬದ್ಧವಾದ ಚಿಕಿತ್ಸೆಯಾಗಿ ಬೆಳೆಸಿದ್ದಾರೆ. ಅದರ ಹೆಸರು ಶಿಯಾಟ್ಸು. 'ಶಿ' ಎಂದರೆ ಬೆರಳು, 'ಆಟ್ಸು' ಎಂದರೆ ಒತ್ತಡ. ಇದನ್ನು ಪ್ರಚಾರಕ್ಕೆ ತಂದವರಲ್ಲಿ ಪ್ರಮುಖರು 1905ರಲ್ಲಿ ಜನಿಸಿದ ತೊಕುಜಿರೊ ನಾಮಿಕೊಶಿ. ಬಾಲ್ಯದಲ್ಲಿ, ಕೀಲುನೋವಿನಿಂದ ನರಳುತ್ತಿದ್ದ ತಾಯಿಯ ಮೈಯನ್ನು ಬೆರಳುಗಳಿಂದ ಒತ್ತುತ್ತಿದ್ದುದೇ ತಮ್ಮ ವಿದ್ಯೆಗೆ ಮೂಲವೆಂದು ಅವರು ಹೇಳುತ್ತಿದ್ದರು. 1925ರಲ್ಲಿ ಹೊಕ್ಕೈಡೊ ದ್ವೀಪದಲ್ಲಿ ಚಿಕಿತ್ಸಾಲಯವನ್ನೂ 1940ರಲ್ಲಿ ಟೋಕಿಯೊ ನಗರದಲ್ಲಿ ಶಾಲೆಯನ್ನೂ ತೆರೆದರು. 1964ರಲ್ಲಿ ಜಪಾನ್ ಸರ್ಕಾರ ಶಿಯಾಟ್ಸುವನ್ನು ಪ್ರತ್ಯೇಕ ಪದ್ಧತಿಯೆಂದು ಮಾನ್ಯಮಾಡಿತು.

ಇದರಲ್ಲಿ ಎಣ್ಣೆಯಿಲ್ಲ, ತಿಕ್ಕುವುದಿಲ್ಲ. ಉಟ್ಟ ಬಟ್ಟೆಯ ಮೇಲೆಯೇ ಒತ್ತುವುದು ವಾಡಿಕೆ. ಚಿಕಿತ್ಸಕನು ಮಂಡಿಯೂರಿ, ತೋಳುಗಳನ್ನು ನೇರವಾಗಿಟ್ಟು, ಮೈಭಾರವನ್ನೇ ಮೆಲ್ಲನೆ ಹೆಬ್ಬೆರಳುಗಳ ಮೇಲೆ ಬಿಡುತ್ತಾನೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಬೆಲೆಯಷ್ಟೆ. ಬೆರಳಿನ ಮೆತ್ತೆ 3 ಚದರ ಸೆಂಟಿಮೀಟರು ಜಾಗವನ್ನು ಮುಟ್ಟಿದೆ, ಅದರ ಮೇಲೆ 3 ಕಿಲೋಗ್ರಾಂ ಭಾರವಿದೆ ಎಂದುಕೊಳ್ಳೋಣ. ಆಗ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ, ಎಂದರೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಉಂಟಾಗುತ್ತದೆ. ಅದೇ ಭಾರವನ್ನು ಸೂಜಿಯ ಮೊನೆಯ ಮೇಲಿಟ್ಟರೆ ಗಾಯವಾದೀತು; ಬೆರಳ ಮೆತ್ತೆಯ ಮೇಲಿಟ್ಟರೆ ಹಿತವಾಗುತ್ತದೆ.

'ಕಿ' ಎಂಬ ಜೀವಶಕ್ತಿ ಮೈಯೊಳಗಿನ ನಾಳಗಳಲ್ಲಿ ಹರಿಯುತ್ತದೆ, ಒತ್ತಿದರೆ ಅದರ ತಡೆ ನಿವಾರಣೆಯಾಗುತ್ತದೆ ಎಂಬ ಹಳೆಯ ವಿವರಣೆಯೊಂದುಂಟು. ಆದರೆ ಅಂಥ ನಾಳಗಳು ಅಂಗರಚನಾಶಾಸ್ತ್ರಜ್ಞರ ಕಣ್ಣಿಗೆ ಬಿದ್ದಿಲ್ಲ. ಅವುಗಳ ಸಹಾಯವಿಲ್ಲದೆಯೇ ನಮ್ಮ ಪ್ರಶ್ನೆಗೆ ಉತ್ತರ ದೊರೆಯುತ್ತದೆ. 1965ರಲ್ಲಿ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿಗೆ ಒಂದು 'ಬಾಗಿಲು' ಇದೆಯೆಂಬ ಸಿದ್ಧಾಂತವನ್ನು ಮಂಡಿಸಿದರು. ಸ್ಪರ್ಶದ ಸುದ್ದಿಯನ್ನು ಒಯ್ಯುವ ನರತಂತುಗಳು ದಪ್ಪನೆಯವು. ಅವುಗಳಲ್ಲಿ ಸುದ್ದಿಯ ವೇಗ ಸೆಕೆಂಡಿಗೆ ಸುಮಾರು 50 ಮೀಟರು. ಮಂದವಾದ ನೋವನ್ನು ಒಯ್ಯುವ ತಂತುಗಳು ತೆಳ್ಳಗಿನವು; ಅವುಗಳ ವೇಗ ಸುಮಾರು 1 ಮೀಟರು ಮಾತ್ರ. ಸ್ಪರ್ಶದ ಸುದ್ದಿ ಬೆನ್ನುಹುರಿಯನ್ನು ತಲಪಿದಾಗ ಅಲ್ಲಿನ ಕೆಲವು ಜೀವಕೋಶಗಳು ಎಚ್ಚೆತ್ತು, ನೋವಿನ ಸುದ್ದಿ ಮೇಲೆ ಹೋಗದಂತೆ ಬಾಗಿಲನ್ನು ಅರೆ ಮುಚ್ಚುತ್ತವೆ. ಮೂಲ ಸಿದ್ಧಾಂತದ ವಿವರಗಳು ಅನಂತರ ತಿದ್ದುಪಡಿ ಹೊಂದಿದ್ದರೂ ಅದರ ಮುಖ್ಯ ಭಾವನೆ ಇಂದಿಗೂ ನಿಂತಿದೆ.

ಈ ಬಾಗಿಲನ್ನು ಕೆಳಗಿನಿಂದ ಮಾತ್ರವಲ್ಲ, ಮೇಲಿನಿಂದಲೂ ಮುಚ್ಚಬಹುದು. ಮಿದುಳಿನಿಂದ ಇಳಿದು ಬರುವ ನರಗಳಿಗೂ ಅದರ ಮೇಲೆ ಅಧಿಕಾರವುಂಟು. ಭಯ, ಕಳವಳಗಳು ನೋವನ್ನು ಹೆಚ್ಚಿಸುವುದೂ ನೆಮ್ಮದಿ ಅದನ್ನು ತಗ್ಗಿಸುವುದೂ ಇದರಿಂದಲೇ. ದೀರ್ಘಶ್ವಾಸದ ಪಾತ್ರ ಬರುವುದು ಇಲ್ಲಿ.

ನಾಡಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಿ ನೋಡಿ. ಉಸಿರನ್ನು ಒಳಗೆಳೆದಾಗ ನಾಡಿ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಇದಕ್ಕೆ ಮುಖ್ಯ ಕಾರಣ ಮಿದುಳಿನಿಂದ ಗುಂಡಿಗೆಗೆ ಇಳಿಯುವ ವೇಗಸ್ ಎಂಬ ನರ. 1921ರಲ್ಲಿ ಆಟೊ ಲೋವಿ ಎಂಬ ವಿಜ್ಞಾನಿ ಕಪ್ಪೆಯ ಗುಂಡಿಗೆಯೊಂದರಲ್ಲಿ ಈ ನರವನ್ನು ಕೆರಳಿಸಿ, ಆ ಗುಂಡಿಗೆಯಲ್ಲಿದ್ದ ದ್ರವವನ್ನು ಇನ್ನೊಂದು ಗುಂಡಿಗೆಗೆ ಸೇರಿಸಿದ. ಎರಡನೆಯದೂ ನಿಧಾನವಾಯಿತು! ನರದ ತುದಿಯಿಂದ ಒಂದು ರಾಸಾಯನಿಕ ಹೊರಬರುತ್ತದೆಂಬುದು ಹೀಗೆ ಸಿದ್ಧವಾಯಿತು.

ರಕ್ತದೊತ್ತಡವನ್ನು ಹದದಲ್ಲಿಡುವ ವ್ಯವಸ್ಥೆಗೂ ಒಂದು ಸಹಜ ತೂಗಾಟವಿದೆ. ಅದರ ಅವಧಿ ಸುಮಾರು 10 ಸೆಕೆಂಡು. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳಿಗೂ ದೊಡ್ಡ ತೂಗಾಟ ಬರುವಂತೆ, ನಿಮಿಷಕ್ಕೆ 6 ಸಲ ಉಸಿರಾಡಿದರೆ ಈ ವ್ಯವಸ್ಥೆ ಚೆನ್ನಾಗಿ ಸ್ಪಂದಿಸುತ್ತದೆ. ಇಟಲಿಯ ಲುಚಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 23 ಮಂದಿ ಲ್ಯಾಟಿನ್ ಜಪವನ್ನೂ ಒಂದು ಮಂತ್ರವನ್ನೂ ಪಠಿಸಿದರು. ಎರಡರಲ್ಲಿಯೂ ಉಸಿರು ಹೆಚ್ಚುಕಡಮೆ ಇದೇ ಲಯಕ್ಕೆ ಇಳಿದಿತ್ತು.

ಇಷ್ಟು ನಿಧಾನಿಸಿದರೆ ಗಾಳಿ ಸಾಲದೆ ಹೋಗದೆ? ಇಲ್ಲ. ಪ್ರತಿ ಉಸಿರಿನಲ್ಲಿ ಸುಮಾರು 150 ಮಿಲಿಲೀಟರು ಗಾಳಿ ಶ್ವಾಸನಾಳದಲ್ಲೇ ಉಳಿದು ವ್ಯರ್ಥವಾಗುತ್ತದೆ. 500 ಮಿಲಿಲೀಟರಿನ 15 ಉಸಿರುಗಳಿಂದ ನಿಮಿಷಕ್ಕೆ ದೊರೆಯುವ ಉಪಯುಕ್ತ ಗಾಳಿ 5,250 ಮಿಲಿಲೀಟರು. 1,000 ಮಿಲಿಲೀಟರಿನ 6 ಉಸಿರುಗಳಿಂದ 5,100. ವ್ಯತ್ಯಾಸ ಅತ್ಯಲ್ಪ.

ಹಾಗಾದರೆ ಇವು ಸರ್ವರೋಗ ನಿವಾರಕಗಳೆ? ಅಲ್ಲವೇ ಅಲ್ಲ. ಶಿಯಾಟ್ಸುವನ್ನು ಕುರಿತ ಪರೀಕ್ಷೆಗಳು ಕೆಲವೇ, ಅವೂ ಚಿಕ್ಕವು. ಔಷಧವನ್ನು ಪರೀಕ್ಷಿಸಲು ಹುಸಿ ಗುಳಿಗೆಯನ್ನು ಕೊಡಬಹುದು. ಹುಸಿ ಸ್ಪರ್ಶವನ್ನು ಕೊಡುವುದೆಂತು? ಗುಣ ಬಂದದ್ದು ಬೆರಳಿನಿಂದಲೋ ವಿಶ್ರಾಂತಿಯಿಂದಲೋ ನಂಬಿಕೆಯಿಂದಲೋ ಹೇಳುವುದು ಕಷ್ಟ.

ಇದರ ಅರ್ಥ ನಮಗೆ ಮನೆಯಲ್ಲಿಯೇ ತಿಳಿಯಿತು. ಒಂದು ಸಂಜೆ ನಮ್ಮ ತಂದೆಯವರು ಎಡ ಭುಜ ನೋಯುತ್ತಿದೆಯೆಂದು ಒರಗಿ ಕುಳಿತರು. ನಾವು ಅರ್ಧ ಗಂಟೆ ಒತ್ತಿದೆವು, ನೋವು ಇಳಿಯಿತು. ನಮಗೆ ಹೆಮ್ಮೆಯೂ ಆಯಿತು. ಮರುದಿನ ಮೆಟ್ಟಿಲು ಹತ್ತುವಾಗ ಅದು ಮರಳಿತು. ತಾಯಿಯವರು ಹಟ ಹಿಡಿದು ವೈದ್ಯರಲ್ಲಿಗೆ ಕಳುಹಿಸಿದರು. ಕೆಡುಕಿದ್ದುದು ಭುಜದಲ್ಲಲ್ಲ, ಗುಂಡಿಗೆಯ ರಕ್ತನಾಳದಲ್ಲಿ! ಗುಂಡಿಗೆಯ ನರಗಳೂ ತೋಳಿನ ನರಗಳೂ ಬೆನ್ನುಹುರಿಯ ಒಂದೇ ಭಾಗವನ್ನು ಸೇರುವುದರಿಂದ ಮಿದುಳು ಹೀಗೆ ಮೋಸಹೋಗುವುದುಂಟು. ನೋವನ್ನು ಇಳಿಸಿದ್ದು ವಿಶ್ರಾಂತಿ. ಕೀರ್ತಿಯನ್ನು ಪಡೆದದ್ದು ನಮ್ಮ ಬೆರಳು.

ಆದುದರಿಂದ ಎದೆನೋವು, ಜ್ವರದೊಡನೆ ಬಂದ ನೋವು, ಮೂಳೆ ಮುರಿತ, ಕಾಲಿನ ಹಠಾತ್ ಊತ, ಇವುಗಳಲ್ಲಿ ಒತ್ತುವುದು ತರವಲ್ಲ. ಕತ್ತಿನ ಮುಂಭಾಗವನ್ನೂ ಒತ್ತಕೂಡದು. ಗರ್ಭಿಣಿಯರು ವೈದ್ಯರನ್ನು ಕೇಳದೆ ಒತ್ತಿಸಿಕೊಳ್ಳಬಾರದು. ದಣಿದ ಹೆಗಲಿಗಾದರೋ, ಹಿತವಾಗುವಷ್ಟೇ ಭಾರವಿಟ್ಟು ಐದು ಸೆಕೆಂಡು ಒತ್ತಿ, ಮೆಲ್ಲನೆ ಬಿಡಿ. ನಾಲ್ಕು ಸೆಕೆಂಡು ಉಸಿರೆಳೆದು ಆರು ಸೆಕೆಂಡು ಬಿಡಿ. ಐದು ನಿಮಿಷ ಸಾಕು. ಆತುರದಿಂದ ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡು ಕಡಮೆಯಾಗಿ ತಲೆ ಸುತ್ತೀತು.

ನೋವು ಮೈಯ ಕಾವಲುಗಾರ. ಅವನ ಕೂಗನ್ನು ತಗ್ಗಿಸುವ ಉಪಾಯ ನಮ್ಮ ಕೈಯಲ್ಲಿಯೂ ಉಸಿರಿನಲ್ಲಿಯೂ ಇದೆ. ಆದರೆ ಅವನು ಏಕೆ ಕೂಗಿದನೆಂದು ಮೊದಲು ಕೇಳಿ, ಅನಂತರ ಸಮಾಧಾನಪಡಿಸುವುದು ಲೇಸು.